ತಾಯಮ್ಮನ ಟ್ರಂಕು, ಆಡಳಿತದ ಫೈಲು

ನಮ್ಮ ಮನೆಯಲ್ಲಿ ಯಾವ ಕಾಗದವೂ ಒಂಟಿಯಾಗಿ ಇರುವುದಿಲ್ಲ. ಗ್ಯಾಸಿನ ರಸೀದಿಗೆ ಒಂದು ಜೆರಾಕ್ಸ್ ಇದೆ, ಮನೆ ಕಂದಾಯದ ರಸೀದಿಗೆ ಎರಡಿವೆ. "ನಾಳೆ ಹಾಲು ಬೇಡ" ಎಂದು ಬರೆದು ಬಾಗಿಲಿಗೆ ಸಿಕ್ಕಿಸಿದ ಚೀಟಿಗೂ ಒಳಗೆ ಮೇಜಿನ ಮೇಲೆ ಒಂದು ನಕಲು ಇರುತ್ತದೆ. ಮೊನ್ನೆ ಬೀರುವಿನ ಕೆಳಗಿನ ಖಾನೆ ಒರೆಸುವಾಗ ಸವೆದು ಜಾಲರಿಯಂತಾಗಿದ್ದ ನೀಲಿ ಕಾರ್ಬನ್ ಹಾಳೆಯೊಂದು ಕೈಗೆ ಬಂತು. ನಮ್ಮ ಮನೆಯವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ನನ್ನದೂ ಒಂದು ಕಾಪಿ ತೆಗೆಸಿಟ್ಟುಬಿಡು, ಇದು ಹಳೇದಾಯ್ತು" ಎಂದರು.

ಈ ಚಾಳಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ಹುಟ್ಟಿನಿಂದ ಬಂದಿದ್ದರೆ ಇದಕ್ಕೆ ಪೂರ್ತಿ ವಿರುದ್ಧವಾದುದು ಬರಬೇಕಿತ್ತು. ನಂಜನಗೂಡಿನ ಪೇಟೆಯಲ್ಲಿ ನಮ್ಮ ಅಪ್ಪನದು ಅಕ್ಕಿ ಬೇಳೆ ಅಂಗಡಿ. ಬೆಳಿಗ್ಗೆ ವಿಭೂತಿ ಇಟ್ಟುಕೊಳ್ಳದೆ ಗಲ್ಲಾ ಮುಟ್ಟುತ್ತಿರಲಿಲ್ಲ, ಕಾಗದ ಎಂದರೆ ಪೊಟ್ಟಣ ಕಟ್ಟುವ ವಸ್ತು ಎಂಬುದರ ಬಗ್ಗೆ ಅವರಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಅಂಗಡಿಗೆ ತೂಕದ ಲೆಕ್ಕದಲ್ಲಿ ಬರುತ್ತಿದ್ದ ರದ್ದಿಯಲ್ಲಿ ಏನುಂಟು ಏನಿಲ್ಲ! ಯಾವುದೋ ಶಾಲೆಯ ಉತ್ತರ ಪತ್ರಿಕೆ, ಯಾವುದೋ ಕಚೇರಿಯ ಸುತ್ತೋಲೆ, ಯಾರದೋ ಮದುವೆಯ ಕರೆಯೋಲೆ. ನಾನು ಓದು ಕಲಿತದ್ದು ಹೆಚ್ಚುಪಾಲು ಅದರಲ್ಲೇ. ಜೀರಿಗೆ ಪೊಟ್ಟಣ ಬಿಚ್ಚಿದರೆ ಕತೆ ಅರ್ಧಕ್ಕೇ ನಿಂತಿರುತ್ತಿತ್ತು; ಮಿಕ್ಕರ್ಧ ಯಾರ ಮನೆಗೆ ಮೆಂತ್ಯದ ಜೊತೆ ಹೋಗಿದೆಯೋ ಎಂದು ಚಡಪಡಿಸುತ್ತಿದ್ದೆ.

ನಕಲು ಇಡುವ ಚಾಳಿ ಹಚ್ಚಿದವಳು ತಾಯಮ್ಮ. ಅವಳು ತಲಕಾಡಿನ ದಾರಿಯ ಒಂದು ಹಳ್ಳಿಯವಳು. ಅಪ್ಪ ಅವ್ವ ಇಬ್ಬರೂ ಕೂಲಿ ಮಾಡುತ್ತಿದ್ದರು. ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರವಿದ್ದ ಕ್ಯಾಲೆಂಡರು, ವರ್ಷ ಮುಗಿದರೂ ಇಳಿಸುತ್ತಿರಲಿಲ್ಲ. ಎಂ.ಎ. ಓದುವಾಗ ವಿಶ್ವವಿದ್ಯಾನಿಲಯದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಯಾವ ವಿಶ್ವವಿದ್ಯಾನಿಲಯ ಎಂದು ಕೇಳಬೇಡಿ. ನಂಜನಗೂಡಿನಿಂದಲೂ ತಿರುಮಕೂಡಲು ನರಸೀಪುರದಿಂದಲೂ ದಿನಾ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ್ದು ಅಂತಿಟ್ಟುಕೊಳ್ಳಿ, ಸಾಕು.

ಆಗ ನಮ್ಮ ಹಾಸ್ಟೆಲಿನ ಗೇಟು ಸಂಜೆ ಆರೂವರೆಗೆ ಮುಚ್ಚುತ್ತಿತ್ತು. ದೊಡ್ಡ ಗ್ರಂಥಾಲಯ ಎಂಟೂವರೆಯವರೆಗೂ ತೆರೆದಿರುತ್ತಿತ್ತು. ಅಂದರೆ ತರಗತಿ ಮುಗಿಸಿ, ಗ್ರಂಥಾಲಯಕ್ಕೆ ಹೋಗಿ, ಚೀಟಿ ಬರೆದುಕೊಟ್ಟು, ಪುಸ್ತಕ ಕೈಗೆ ಬರುವ ಹೊತ್ತಿಗೆ ನಾವು ಹೊರಡಬೇಕು. ಗಂಡುಹುಡುಗರು ಅದೇ ಪುಸ್ತಕ ಹಿಡಿದು ಆರಾಮಾಗಿ ಕುಳಿತಿರುತ್ತಿದ್ದರು. ವಾರ್ಡನ್ ಅವರನ್ನು ಕೇಳಿದರೆ, "ಅಷ್ಟೊತ್ತಿನ ಮೇಲೆ ಓದಿ ಏನಾಗಬೇಕಾಗಿದೆ?" ಎಂದರು. ಅದಕ್ಕೆ ನಾನು ಅತ್ತೆ. ತಾಯಮ್ಮ ಮನವಿ ಬರೆದಳು. ಬರೆಯುವಾಗ ಕೆಳಗೆ ಕಾರ್ಬನ್ ಇಟ್ಟಳು. "ಅವ್ರ್ಗೆ ಕೊಟ್ಟುದ್ದು ಅವ್ರು ಕಳೀತಾರೆ ಕಣೆ, ನಮ್ದು ನಮ್ತಾವ ಇರ್ಲಿ" ಎಂದಳು. ಒಳಗೆ ಕೊಟ್ಟ ಕಾಗದಕ್ಕೆ ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳದೆ ಕಚೇರಿಯ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ.

ಹೀಗೆ ಹುಟ್ಟಿತು ನಮ್ಮ ಓದುಗಿತ್ತಿಯರ ಸಮಿತಿ. ಅಧ್ಯಕ್ಷೆ ತಾಯಮ್ಮ. ನಾನು ಕಾರ್ಯದರ್ಶಿ, ಎಂದರೆ ಸಭೆಯ ನಡಾವಳಿ ಬರೆಯುವವಳು. ಮನವಿಗಳಿಗೆ ಉತ್ತರ ಬಾರದಿದ್ದಾಗ ಒಂದು ಸಂಜೆ ನಾವೆಲ್ಲ ಗ್ರಂಥಾಲಯದಿಂದ ಆರೂವರೆಗೆ ಏಳಲಿಲ್ಲ. ಏಳು ದಾಟಿದ ಮೇಲೆ ಸಾಲಾಗಿ ನಡೆದು ಬಂದೆವು. ಗೇಟು ಮುಚ್ಚಿತ್ತು. ಎದುರಿನ ದೀಪದ ಕಂಬದ ಕೆಳಗೆ ಪುಸ್ತಕ ತೆರೆದು ಕುಳಿತೆವು. ಘೋಷಣೆ ಇಲ್ಲ, ಕೂಗಾಟ ಇಲ್ಲ, ಬರೀ ಓದು. ವಾರ್ಡನ್ ಬಂದು ಬೀಗ ತೆಗೆದರು. ಮಾರನೆಯ ದಿನವೂ ಹಾಗೇ, ಅದರ ಮಾರನೆಯ ದಿನವೂ ಹಾಗೇ. ದಾರಿಹೋಕರು ನಿಂತು ನೋಡತೊಡಗಿದರು. ನನ್ನ ಕಾಲಿಗೆ ಸೊಳ್ಳೆ ಕಚ್ಚಿದ್ದು ಬಿಟ್ಟರೆ ಬೇರೆ ಹಿಂಸಾಚಾರ ನಡೆಯಲಿಲ್ಲ.

ಕೆಲವು ವಾರಗಳಾದ ಮೇಲೆ ಆಡಳಿತ ಕಚೇರಿ ತಾಯಮ್ಮನನ್ನು ಕರೆಸಿ ಹಾಸ್ಟೆಲ್ ಖಾಲಿ ಮಾಡು ಎಂದಿತು. ಆ ಮಾತನ್ನು ಕಾಗದದಲ್ಲಿ ಕೊಡಿ ಎಂದು ಕೇಳಿದಳು. ಕೊಡಲಿಲ್ಲ. ಅವಳ ಅಪ್ಪ ಬಂದು ಕಚೇರಿಯ ಹೊರಗೆ ಬೆಳಗಿನಿಂದ ಸಂಜೆಯವರೆಗೆ ನಿಂತಿದ್ದು, ಕೊನೆಗೆ ಮಗಳ ಹಾಸಿಗೆ ಸುರುಳಿ ಹೊತ್ತುಕೊಂಡು ಬಸ್ಸು ಹತ್ತಿದರು. ಅವಳು ಓದು ಬಿಡಲಿಲ್ಲ. ದಿನಾ ಊರಿನಿಂದ ಓಡಾಡಿಕೊಂಡು ಎಂ.ಎ. ಮುಗಿಸಿದಳು. ಅಷ್ಟರಲ್ಲಿ ಗೇಟಿನ ಸಮಯವನ್ನು ಒಂಬತ್ತಕ್ಕೆ ಏರಿಸಿ ಆದೇಶವೂ ಬಂತು. ನಾವು ಗೆದ್ದೆವು ಎಂದು ಕೋಣೆಯಲ್ಲಿ ಅವಲಕ್ಕಿ ಹಂಚಿಕೊಂಡು ತಿಂದೆವು.

ಸಮಿತಿಯ ಕಾಗದಗಳನ್ನು ಎಲ್ಲಿಡಬೇಕು ಎಂಬ ಪ್ರಶ್ನೆ ಬಂದಾಗ, ಕಾರ್ಯದರ್ಶಿಯ ಮನೆಯಲ್ಲಿ ಎಂದು ತೀರ್ಮಾನವಾಗಿತ್ತು. ನಾವು ಅಚ್ಚು ಹಾಕಿಸಿ ಹಂಚಿದ್ದರಲ್ಲಿ ಉಳಿದ ಕರಪತ್ರಗಳ ಒಂದು ಕಟ್ಟನ್ನು ನಾನು ನಂಜನಗೂಡಿಗೆ ತಂದು ಉಗ್ರಾಣದಲ್ಲಿಟ್ಟೆ. ಮುಂದಿನ ಸಲ ರಜೆಗೆ ಬಂದು ನೋಡಿದರೆ ಕಟ್ಟು ಇಲ್ಲ. "ಹಿಂದುಗಡೆ ಖಾಲಿ ಇತ್ತು, ಒಳ್ಳೇ ಕಾಗದ" ಎಂದರು ಅಪ್ಪ. ಹೀಗೆ "ಓದುವ ಹಕ್ಕು ನಮ್ಮದು" ಎಂಬ ಕರಪತ್ರ ನಂಜನಗೂಡಿನ ಮನೆಮನೆಗೂ ಕಡಲೆಬೇಳೆಯ ಸಮೇತ ತಲುಪಿತು. ಅಷ್ಟು ವ್ಯಾಪಕವಾದ ಪ್ರಚಾರವನ್ನು ನಮ್ಮ ಸಮಿತಿ ಬೇರೆ ಎಂದೂ ಮಾಡಿರಲಿಲ್ಲ. ಸುದ್ದಿ ಕೇಳಿದ ತಾಯಮ್ಮ ಒಂದು ತಗಡಿನ ಟ್ರಂಕು ಹಿಡಿದು ಬಂದು ಮಿಕ್ಕ ಕಾಗದಗಳನ್ನೆಲ್ಲ ತುಂಬಿಕೊಂಡು ಹೋದಳು.

ಆಮೇಲೆ ಬದುಕು ಅದರ ಪಾಡಿಗೆ ನಡೆಯಿತು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದೆ. ತಾಯಮ್ಮ ಸಹಕಾರ ಇಲಾಖೆಯಲ್ಲಿ ಕೆಲಸ ಮಾಡಿ, ನಿವೃತ್ತಳಾಗಿ, ನರಸೀಪುರದಲ್ಲಿ ತಮ್ಮನ ಸಂಸಾರದೊಂದಿಗೆ ಇದ್ದಾಳೆ. ನಾನು ಪಾಠದ ನಡುವೆ ಹುಡುಗಿಯರಿಗೆ ಚಳವಳಿಯ ಕತೆ ಹೇಳುತ್ತಿದ್ದೆ. ವರ್ಷದಿಂದ ವರ್ಷಕ್ಕೆ ಅದರಲ್ಲಿ ನನ್ನ ಪಾತ್ರ ಸ್ವಲ್ಪ ಸ್ವಲ್ಪವೇ ಬೆಳೆಯಿತು. ನಿವೃತ್ತಿಯ ಹೊತ್ತಿಗೆ, ನನ್ನ ಹೆಸರು ಕೇಳಿದರೆ ಕುಲಪತಿಗಳು ನೀರು ತರಿಸಿಕೊಂಡು ಕುಡಿಯುತ್ತಿದ್ದರು ಎನ್ನುವ ಮಟ್ಟಿಗೆ ಬಂದಿತ್ತು.

ಈಚೆಗೆ ಒಂದು ದಿನ ಅದೇ ವಿಶ್ವವಿದ್ಯಾನಿಲಯದಿಂದ ಫೋನು ಬಂತು. ನಂದಿನಿ ಎಂಬ ಅಧ್ಯಾಪಕಿ. ಆಡಳಿತದ ಹಳೆಯ ಫೈಲುಗಳನ್ನೆಲ್ಲ ಜೋಡಿಸಿ ಒಂದು ದಾಖಲೆ ಭಂಡಾರ ಮಾಡುತ್ತಿದ್ದಾರಂತೆ. "ಮೇಡಂ, ನಿಮ್ಮ ಗ್ರಂಥಾಲಯದ ಹೋರಾಟದ ಫೈಲು ಸಿಕ್ಕಿದೆ. ಆದರೆ ಅದರಲ್ಲಿ ಇರೋದು ಆಫೀಸಿನವರ ಮಾತು ಮಾತ್ರ. ನಿಮ್ಮ ಕಡೆಯ ಕಾಗದ ಏನಾದರೂ ಉಳಿದಿದೆಯಾ?" ಎಂದು ಕೇಳಿದರು.

ನನ್ನ ಫೈಲು! ಇದ್ದ ರೇಷ್ಮೆ ಸೀರೆಗಳಲ್ಲಿ ಒಳ್ಳೆಯದನ್ನು ಉಟ್ಟುಕೊಂಡು, ನಮ್ಮ ಮನೆಯವರನ್ನೂ ಕರೆದುಕೊಂಡು ಹೋದೆ. ನಂದಿನಿ ಕೆಂಪು ಟ್ಯಾಗ್ ಬಿಚ್ಚಿ ಫೈಲನ್ನು ನನ್ನ ಮುಂದಿಟ್ಟರು. ಮೊದಲ ಹಾಳೆಯಲ್ಲಿ, "ಕು. ತಾಯಮ್ಮ ಮತ್ತು ಇತರರು" ಎಂದಿತ್ತು. ಎರಡನೆಯದರಲ್ಲಿ, "ಸದರಿ ತಾಯಮ್ಮ ಮತ್ತು ಇತರರು." ಕೊನೆಯವರೆಗೂ ಹಾಳೆ ತಿರುವಿದೆ. ನಾನು ಎಲ್ಲೂ ಇರಲಿಲ್ಲ. ಅಥವಾ ಎಲ್ಲ ಕಡೆಯೂ ಇದ್ದೆ, ಇತರರಲ್ಲಿ. ನಮ್ಮ ಮನೆಯವರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ಆಮೇಲೆ ಎಷ್ಟೋ ದಿನ ಮನೆಯಲ್ಲಿ, "ಇತರರೇ, ಕಾಫಿ ಆಯ್ತಾ?" ಎಂಬ ಮಾತು ಕೇಳಬೇಕಾಯಿತು.

ಆದರೆ ಕೊನೆಯ ಹಾಳೆಯನ್ನು ಓದಿದಾಗ ನಗು ಬರಲಿಲ್ಲ. ಅದರಲ್ಲಿ ಎರಡೇ ಮಾತು. ವಿದ್ಯಾರ್ಥಿನಿಯರ ಹಿತದೃಷ್ಟಿಯಿಂದ ಆಡಳಿತವು ಸ್ವಯಂಪ್ರೇರಿತವಾಗಿ ವಿದ್ಯಾರ್ಥಿನಿಲಯದ ಸಮಯವನ್ನು ವಿಸ್ತರಿಸಿದೆ. ಕು. ತಾಯಮ್ಮ ಇವರು ಸ್ವಇಚ್ಛೆಯಿಂದ ವಿದ್ಯಾರ್ಥಿನಿಲಯವನ್ನು ತೊರೆದಿರುತ್ತಾರೆ.

ಮುಂದಿನ ವಾರ ನಂದಿನಿಯನ್ನು ಕರೆದುಕೊಂಡು ನರಸೀಪುರಕ್ಕೆ ಹೋದೆ. ತಾಯಮ್ಮ ಟ್ರಂಕನ್ನು ನಡುಮನೆಗೆ ಎಳೆದಿಟ್ಟಿದ್ದಳು. ಮುಚ್ಚಳ ತೆಗೆದರೆ ಕಾಗದಗಳೆಲ್ಲ ಹಪ್ಪಳದಂತೆ ಸೊಟ್ಟಗಾಗಿದ್ದವು. ಕಾವೇರಿ, ಕಪಿಲೆ ಎರಡೂ ಒಟ್ಟಿಗೆ ಉಕ್ಕಿ ಬಂದ ಒಂದು ವರ್ಷ ಅವರ ಬೀದಿಗೆ ನೀರು ನುಗ್ಗಿತ್ತಂತೆ. ತಮ್ಮ ಟಿ.ವಿ. ಎತ್ತಿದರೆ ಇವಳು ಟ್ರಂಕು ಎತ್ತಿದಳು. ಆದರೂ ಒಳಗೆ ನೀರು ಹೋಗಿತ್ತು. ನೀರು ಇಳಿದ ಮೇಲೆ ತಾರಸಿಯ ಮೇಲೆ ಬಟ್ಟೆ ಒಣಹಾಕುವ ಹಗ್ಗಕ್ಕೆ ಒಂದೊಂದೇ ಹಾಳೆ ಕ್ಲಿಪ್ ಹಾಕಿ ನೇತುಹಾಕಿದಳು. ಅಕ್ಕಪಕ್ಕದ ಹೆಂಗಸರು ತಮ್ಮ ಹಾಸಿಗೆ ಒಣಗಿಸಲು ತಾರಸಿಗೆ ಬಂದವರು ನಿಂತು ಓದಿದರು.

"ಪಕ್ಕದ್ಮನೆ ರತ್ನಮ್ಮ ಒಂದೀಟು ಓದ್ಬುಟ್ಟು ಅಡ್ಗೆ ಮಾಡಕ್ಕೋದ್ಲು. ಮಾರ್ನೆ ದಿನ ಬಂದು, 'ತಾಯಕ್ಕ, ಕೊನೇಗ್ ಗೇಟು ತಗುದ್ರಾ?' ಅಂತ ಕೇಳುದ್ಲು ಕಣವ್ವ" ಎಂದು ತಾಯಮ್ಮ ನಂದಿನಿಗೆ ಹೇಳಿ ನಕ್ಕಳು.

ನಾನು ಬರೆದ ನಡಾವಳಿಯ ಹಾಳೆಗಳೂ ಅದರಲ್ಲಿದ್ದವು. ನಂದಿನಿ ಒಂದನ್ನು ಗಟ್ಟಿಯಾಗಿ ಓದಿದರು: "ಕೋರಂ ಇಲ್ಲದ ಕಾರಣ ಸಭೆಯು ಸಿನಿಮಾಕ್ಕೆ ಹೋಯಿತು." ಇನ್ನೊಂದರಲ್ಲಿ, ಉಪ್ಪಿನಕಾಯಿ ಜಾಡಿ ಖಾಲಿ ಮಾಡಿದವರು ಯಾರು ಎಂಬುದರ ಬಗ್ಗೆ ತೀವ್ರ ಚರ್ಚೆ ನಡೆದು, ವಿಷಯವನ್ನು ಮುಂದೂಡಲಾಗಿತ್ತು. ಇತಿಹಾಸ ನನ್ನನ್ನು ಯಾವ ಕಾರಣಕ್ಕೆ ನೆನಪಿಡಲಿದೆ ಎಂಬುದು ಆಗ ಸ್ಪಷ್ಟವಾಯಿತು.

ನಗುವೆಲ್ಲ ಮುಗಿದ ಮೇಲೆ ನಂದಿನಿ ತಮ್ಮ ಫೋನಿನಲ್ಲಿದ್ದ ಆ ಕೊನೆಯ ಹಾಳೆಯ ಚಿತ್ರವನ್ನು ತೋರಿಸಿದರು. ಬಚ್ಚಿಡುವುದು ಬೇಡ ಎಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ತಾಯಮ್ಮ ಕನ್ನಡಕ ಹಾಕಿಕೊಂಡು ಓದಿದಳು. ಮತ್ತೊಮ್ಮೆ ಓದಿದಳು. ಟ್ರಂಕಿನ ಮುಚ್ಚಳ ಹಾಕಿದಳು.

"ಸ್ವಇಚ್ಛೆ" ಎಂದಳು. "ನಮ್ಮಪ್ಪ ಅಲ್ಲಿ ನಿಂತಿದ್ನಲ್ಲಾ ಸುವರ್ಣ, ಅದೂ ಅವ್ನ ಸ್ವಇಚ್ಛೆನಾ?"

ಆಮೇಲೆ ನಂದಿನಿಯ ಕಡೆ ತಿರುಗಿದಳು.

"ನೋಡವ್ವ ನಂದಿನಿ, ನೀನು ಒಳ್ಳೇ ಮಗಿನಂಗಿದ್ದಿ. ನಿನ್ ಮೇಲೆ ನಂಗ್ಯಾವ ಕ್ವಾಪಾನೂ ಇಲ್ಲ. ಮೊದ್ಲು ಆ ಮಾತ ಅಳ್ಸು. ಆಮೇಲೆ ಟ್ರಂಕು ತಕ್ಕೊಂಡೋಗು."

"ಅಳಿಸೋಕೆ ಬರಲ್ಲ ಮೇಡಂ. ಹಳೇ ಫೈಲಿನಲ್ಲಿ ಒಂದಕ್ಷರಾನೂ ಯಾರೂ ಮುಟ್ಟೋ ಹಾಗಿಲ್ಲ."

"ಸುಳ್ಳು ಬರ್ದಿದ್ರೂವೆ?"

"ಸುಳ್ಳು ಬರೆದಿದ್ದರೂ." ಎಂದರು ನಂದಿನಿ. "ಅದನ್ನ ಅಳಿಸಿಬಿಟ್ಟರೆ, ಅವರು ನಿಮ್ಮ ಮೇಲೆ ಸುಳ್ಳು ಬರೆದಿದ್ದರು ಅನ್ನೋದೂ ಅಳಿಸಿಹೋಗುತ್ತೆ ಮೇಡಂ. ಅದು ಅಲ್ಲೇ ಇರಲಿ. ನಿಮ್ಮದನ್ನ ಅದರ ಪಕ್ಕದಲ್ಲೇ ಇಡೋಣ. ಅದನ್ನ ಓದೋಕೆ ಬಂದವರಿಗೆಲ್ಲ ಇದನ್ನೂ ಓದಿ ಅಂತ ಆ ಫೈಲಿನ ಮೇಲೇ ಚೀಟಿ ಅಂಟಿಸ್ತೀನಿ. ಅದನ್ನ ಮಾಡೋ ಅಧಿಕಾರ ನನಗಿದೆ."

ತಾಯಮ್ಮ ಎದ್ದು ಎಲೆ ಹಾಕಿದಳು. ಊಟ ಬಡಿಸಿದಳು. ಹೊರಡುವಾಗ ನಂದಿನಿಯ ಕೈಗೆ ಒಂದು ಚಿಪ್ಪು ಬಾಳೆಹಣ್ಣು ಕೊಟ್ಟಳು. ಟ್ರಂಕು ಅಲ್ಲೇ ಉಳಿಯಿತು. ನಂಜನಗೂಡಿನ ಬಸ್ಸಿನಲ್ಲಿ ಕುಳಿತು ನಾನು, ಇದು ಇಷ್ಟಕ್ಕೇ ಮುಗಿಯಿತು ಎಂದುಕೊಂಡೆ. ಅವಳ ಹಟ ನನಗೆ ಗೊತ್ತು. ಆ ಹಟ ಇಲ್ಲದಿದ್ದರೆ ನಮ್ಮ ಗೇಟೂ ತೆರೆಯುತ್ತಿರಲಿಲ್ಲ.

ಸುಮಾರು ದಿನ ಫೋನಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅವಳೇ ಮಾಡಿದಳು. "ಏನೇ ಸುವರ್ಣ, ಸೋಮ್ವಾರ ಬತ್ತೀಯಾ? ಟ್ರಂಕ್ನ ಇನ್ನೊಂದ್ ಕಡಿಂದ ಇಡ್ಕೊಳಕ್ಕೆ ಒಬ್ರು ಬೇಕು."

ನಂದಿನಿ ಕಾರು ಕಳಿಸುತ್ತೇನೆ ಎಂದರೂ ಒಪ್ಪಲಿಲ್ಲ. ಬಸ್ಸಿನಲ್ಲಿ ಬಂದ ಟ್ರಂಕು, ಬಸ್ಸಿನಲ್ಲೇ ಹೋಗಬೇಕಂತೆ. ಈಗ ಹೆಂಗಸರಿಗೆ ಟಿಕೆಟ್ ಇಲ್ಲ. ಕಂಡಕ್ಟರ್ ನಮ್ಮಿಬ್ಬರ ಆಧಾರ್ ನೋಡಿ ಸೊನ್ನೆಯ ಚೀಟಿ ಹರಿದುಕೊಟ್ಟು, ಟ್ರಂಕನ್ನು ಬೂಟಿನಿಂದ ಮೆಲ್ಲಗೆ ಒದ್ದು ನೋಡಿದ.

"ಏನವ್ವ ಇದ್ರೊಳಗೆ?"

"ಹಳೇ ಜಗಳ ಕಣಪ್ಪ" ಎಂದಳು ತಾಯಮ್ಮ.

"ಜಗಳಕ್ ಫ್ರೀ ಇಲ್ಲ ಕಣವ್ವ. ಲಗೇಜು ತಕ್ಕಬೇಕು."

ತೆಗೆದುಕೊಂಡೆವು. ಆ ಚೀಟಿಯನ್ನೂ ತಾಯಮ್ಮ ಟ್ರಂಕಿನೊಳಗೆ ಹಾಕಿದಳು.

ದಾಖಲೆ ಭಂಡಾರದ ಮೇಜಿನ ಮೇಲೆ ನಂದಿನಿ ಒಂದೊಂದೇ ಹಾಳೆಯಿಂದ ತುಕ್ಕು ಹಿಡಿದ ಗುಂಡುಪಿನ್ನು ಬಿಡಿಸಿದರು, ಹಾಳೆಯನ್ನು ಬ್ರಷ್ಷಿನಿಂದ ಒರೆಸಿ ಬಿಳಿಯ ಕವರಿನಲ್ಲಿಟ್ಟರು. ಟ್ರಂಕಿನಲ್ಲಿ ಉಳಿದಿದ್ದ ನಮ್ಮ ಕಡಲೆಬೇಳೆಯ ಕರಪತ್ರದ ಒಂದು ಪ್ರತಿಗೆ ಆ ಮರ್ಯಾದೆ ಸಿಕ್ಕಿದ್ದು ನೋಡಲು ಅಪ್ಪ ಇರಬೇಕಿತ್ತು. ಆಮೇಲೆ ತಾಯಮ್ಮನ ಮುಂದೆ ಒಂದು ಸಣ್ಣ ರೆಕಾರ್ಡರ್ ಇಟ್ಟು, "ಮೇಡಂ, ಏನು ನಡೀತು ಅಂತ ನಿಮ್ಮ ಮಾತಿನಲ್ಲೇ ಹೇಳಿ" ಎಂದರು.

ಮೈಕಿಲ್ಲದೆ ಇಡೀ ಹಾಸ್ಟೆಲಿಗೆ ಕೇಳುವಂತೆ ಭಾಷಣ ಮಾಡಿದವಳು ಆ ಪುಟ್ಟ ಯಂತ್ರದ ಮುಂದೆ ಸುಮ್ಮನೆ ಕುಳಿತಳು. ಸೆರಗು ಸರಿಮಾಡಿಕೊಂಡಳು. ನನ್ನ ಕಡೆ ನೋಡಿದಳು. ನಾನು, "ಬಸ್ಸಿನಲ್ಲಿ ಓಡಾಡ್ತಿದ್ದೆಯಲ್ಲ, ಅದನ್ನ ಹೇಳು" ಎಂದೆ. ಅವಳು ಶುರುಮಾಡಿದಳು. ಚಳವಳಿಯ ಮಾತೇ ಇಲ್ಲ. ನಸುಕಿಗೇ ಎದ್ದು ಅವ್ವ ಬಡಿದುಕೊಡುತ್ತಿದ್ದ ರೊಟ್ಟಿ, ಉಚ್ಚೆಳ್ಳು ಚಟ್ನಿ. ಹಳ್ಳಿಯಿಂದ ನರಸೀಪುರದವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಮಳೆಗಾಲದಲ್ಲಿ ಪುಸ್ತಕಕ್ಕೆ ಕೊಡೆ ಹಿಡಿದು ತಾನು ನೆನೆದದ್ದು.

"ಸಂಜೆ ಊರಿಗಿದ್ದಿದ್ದು ಒಂದೇ ಬಸ್ಸು. ಅದ ಇಡೀಬೇಕು ಅಂದ್ರೆ ಐದೂವರೆಗೇ ಇಲ್ಲಿಂದ ಎದ್ದು ಓಡ್ಬೇಕು. ಗೇಟು ಒಂಬತ್ತಕ್ಕೆ ಮಾಡುದ್ರು ಅಂತ ಇವ್ಳು ಬಂದು ಯೋಳುದ್ಲು. ಕುಸಿ ಆಯ್ತು. ಬಸ್ಸೊಳಗೆ ಕುಂತ್ಕಂಡು ಲೆಕ್ಕ ಆಕುದ್ರೆ, ನಂಗೆ ಅದ್ರಿಂದ ಏನೂ ಸಿಕ್ಕಿರ್ನಿಲ್ಲ. ಎಂ.ಎ. ಮುಗ್ಯೋಗಂಟ ಒಂದು ಸಂಜೇನೂ ನಾನು ಲೈಬ್ರೆರೀಲಿ ಕುಂತ್ಕಂಡು ಓದ್ನಿಲ್ಲ."

ನಾವು ಅವಲಕ್ಕಿ ತಿಂದ ಸಂಜೆ ಅವಳು ಆ ಬಸ್ಸಿನಲ್ಲಿದ್ದಳು. ಇಷ್ಟು ವರ್ಷದ ಸ್ನೇಹದಲ್ಲಿ ಅವಳು ಇದನ್ನು ಒಮ್ಮೆಯೂ ಹೇಳಿರಲಿಲ್ಲ. ನಂದಿನಿ ರೆಕಾರ್ಡರ್ ನಿಲ್ಲಿಸಲು ಕೈ ಚಾಚಿದರು. ತಾಯಮ್ಮ, "ಇರು, ನಮ್ಮಪ್ಪನ ಎಸ್ರು ಯೋಳ್ಬೇಕು" ಎಂದು, ಊರು ಸಮೇತ ಅಪ್ಪನ ಹೆಸರನ್ನು, ಅವ್ವನ ಹೆಸರನ್ನು ಹೇಳಿ ಮುಗಿಸಿದಳು.

ಕೊನೆಗೆ ತುಂಬಬೇಕಾದ ಒಂದು ನಮೂನೆ ಇತ್ತು. ಇಂತಿಷ್ಟು ವರ್ಷ ಇದನ್ನು ಯಾರಿಗೂ ತೋರಿಸಬಾರದು ಎಂದು ಬೇಕಿದ್ದರೆ ಷರತ್ತು ಹಾಕಬಹುದಂತೆ. ತಾಯಮ್ಮ, "ಮುಚ್ಚಿಡಕ್ಕೆ ನಮ್ಮನೇಲೇ ಜಾಗ ಇತ್ತಲ್ಲವ್ವ" ಎಂದು ಆ ಸಾಲಿಗೆ ಅಡ್ಡಗೆರೆ ಎಳೆದಳು. ನಂದಿನಿ ನಮ್ಮೆದುರಿಗೇ ಆಡಳಿತದ ಆ ಹಳೆಯ ಫೈಲಿನ ಮೇಲೆ ಚೀಟಿ ಅಂಟಿಸಿದರು.

ಇದಾದ ಕೆಲವು ತಿಂಗಳಿಗೆ ನಂದಿನಿ ಫೋನು ಮಾಡಿದರು. ದನಿಯಲ್ಲಿ ಗಾಬರಿಯೂ ಇತ್ತು, ಸಂತೋಷವೂ ಇತ್ತು. ನರಸೀಪುರದ ಕಡೆಯಿಂದ ದಿನಾ ಓಡಾಡುವ ಹುಡುಗಿಯರ ಒಂದು ಗುಂಪು, ಯಾವುದೋ ತರಗತಿಯ ಕೆಲಸಕ್ಕೆಂದು ಬಂದವರು, ತಾಯಮ್ಮನ ಮಾತು ಕೇಳಿಸಿಕೊಂಡಿದ್ದಾರೆ. ಅವರಿಗೂ ಗ್ರಂಥಾಲಯ ಮುಚ್ಚುವ ಹೊತ್ತಿಗೆ ಊರಿಗೆ ಬಸ್ಸಿಲ್ಲ. ನಮ್ಮ ಹಳೆಯ ಮನವಿಯ ಮಾದರಿಯನ್ನೇ ಇಟ್ಟುಕೊಂಡು, ಸಂಜೆ ಎಂಟಕ್ಕೆ ಒಂದು ಬಸ್ಸು ಬೇಕು ಎಂದು ಆಡಳಿತ ಕಚೇರಿಗೆ ಕೊಟ್ಟುಬಿಟ್ಟಿದ್ದಾರೆ. "ಇಂಥದ್ದನ್ನೆಲ್ಲ ಹುಡುಗಿಯರಿಗೆ ಯಾಕೆ ತೋರಿಸಿದಿರಿ ಅಂತ ಆಫೀಸಿನವರು ನನ್ನ ಕೇಳಿದರು ಮೇಡಂ. ಓದೋಕೆ ಬಂದವರಿಗೆ ತೋರಿಸೋದೇ ನನ್ನ ಕೆಲಸ ಅಂದೆ" ಎಂದರು ನಂದಿನಿ.

ನಾನು ತಾಯಮ್ಮನಿಗೆ ಹೇಳಿದೆ. "ಉತ್ರ ಬಂತಾ?" ಎಂದಳು. ಇನ್ನೂ ಇಲ್ಲ ಎಂದೆ. "ಅಂಗಾದ್ರೆ ನಾವೂ ಓಗವಾ."

ಹೋದೆವು, ಒಂದು ಸಲವಲ್ಲ. ಹುಡುಗಿಯರ ಜೊತೆ ಕಚೇರಿಯ ಬೆಂಚಿನ ಮೇಲೆ ಕುಳಿತೆವು. ಸಾರಿಗೆಯವರ ಡಿಪೋಕ್ಕೂ ಹೋದೆವು. ನನ್ನ ಮಂಡಿನೋವನ್ನು ಕಂಡ ಒಬ್ಬ ಅಧಿಕಾರಿ ಕುರ್ಚಿ ತರಿಸಿದರು. ತಾಯಮ್ಮ, ಕುರ್ಚಿ ಆಮೇಲೆ, ಮೊದಲು ಬಸ್ಸಿನ ವಿಚಾರ ಎಂದಳು. ಹಳೆಯ ಕಾಲದಷ್ಟು ಸತಾಯಿಸಲಿಲ್ಲ ಎಂಬುದನ್ನು ಹೇಳಲೇಬೇಕು. ಸದ್ಯಕ್ಕೆ ವಾರದ ದಿನಗಳಲ್ಲಿ ಮಾತ್ರ, ನೋಡೋಣ ಎಂದು, ಎಂಟು ಗಂಟೆಯ ಬಸ್ಸು ಶುರುವಾಯಿತು. ನರಸೀಪುರ ದಾಟಿ ತಲಕಾಡಿನವರೆಗೆ ಹೋಗುತ್ತದೆ.

ಮೊದಲ ದಿನ ಹುಡುಗಿಯರು ನಮ್ಮನ್ನು ಕರೆದಿದ್ದರು. ತಾಯಮ್ಮ ಮಧ್ಯಾಹ್ನವೇ ಬಂದು ಗ್ರಂಥಾಲಯದಲ್ಲಿ ಚೀಟಿ ಬರೆದು, ಶಾಸನಗಳ ಒಂದು ದಪ್ಪ ಸಂಪುಟ ತೆಗೆಸಿಕೊಂಡು, ಕಿಟಕಿಯ ಪಕ್ಕ ಕುಳಿತಳು. ನಾನು ಎದುರಿಗೆ ಪತ್ರಿಕೆ ಹಿಡಿದು ಆಗಾಗ ತೂಕಡಿಸುತ್ತಿದ್ದೆ. ಗೋಡೆಯ ಗಡಿಯಾರ ಐದೂವರೆ ತೋರಿಸಿತು. ಅವಳ ಕಣ್ಣು ಪುಸ್ತಕದ ಮೇಲೇ ಇತ್ತು, ಕಾಲುಗಳು ಮಾತ್ರ ಮೇಜಿನ ಕೆಳಗೆ ಚಪ್ಪಲಿ ಹುಡುಕತೊಡಗಿದವು. ಪುಸ್ತಕ ಮುಚ್ಚಿ ಅರ್ಧ ಎದ್ದೇಬಿಟ್ಟಳು.

"ಎಲ್ಲಿಗೆ?" ಎಂದೆ.

"ಬಸ್ಸು..." ಎಂದವಳು ತಡೆದಳು. ಗಡಿಯಾರ ನೋಡಿದಳು. ಸುತ್ತ ಓದುತ್ತ ಕುಳಿತಿದ್ದ ಹುಡುಗಿಯರನ್ನು ನೋಡಿದಳು.

"ಎಂಟಕ್ಕಿದೆ. ಕೂತ್ಕೊ."

ಕುಳಿತಳು. ಚಪ್ಪಲಿಯನ್ನು ಕಾಲಿನಿಂದ ದೂರ ತಳ್ಳಿ, ಬಿಟ್ಟ ಪುಟವನ್ನು ಹುಡುಕಿ ತೆಗೆದಳು.